ತಿಪ್ಪರಲಾಗ ಬೇಡ, ನೇತಾಡಿದರೆ ಸಾಕು: ಬೇರೆ ಆಟದವರಿಗೆ ಜಿಮ್ನಾಸ್ಟಿಕ್ಸ್ ಬಲ

ನಮ್ಮ ವಾಲಿಬಾಲ್ ಗುಂಪಿನಲ್ಲಿ ಒಬ್ಬ ಹುಡುಗನಿದ್ದಾನೆ. ಜಿಮ್ ಬೆಂಚಿನ ಮೇಲೆ ಮಲಗಿ 80 ಕಿಲೋ ಎತ್ತುತ್ತಾನೆ. ಒಂದು ಸಂಜೆ ಶಾಲೆ ಮೈದಾನದ ಕಬ್ಬಿಣದ ಬಾರ್ ತೋರಿಸಿ, ‘ಸುಮ್ನೆ 30 ಸೆಕೆಂಡ್ ನೇತಾಡು ನೋಡೋಣ’ ಅಂದೆ. 19ಕ್ಕೆ ಕೈಬಿಟ್ಟ. ‘ಕೈ ಸೋಲಲಿಲ್ಲ ಅಣ್ಣ, ಭುಜ ಕಿತ್ತು ಬರೋ ಹಾಗಾಯ್ತು’ ಅಂದ. ಅದೇ ಭುಜವನ್ನು ಅವನು ಪಂದ್ಯದುದ್ದಕ್ಕೂ ತಲೆಯ ಮೇಲೆ ಬೀಸಿ ಬೀಸಿ ಸ್ಮ್ಯಾಶ್ ಹೊಡೆಯುತ್ತಾನೆ.

ಈ ಲೇಖನ ಅಂಥವರಿಗೆ. ಕಬಡ್ಡಿ, ವಾಲಿಬಾಲ್, ಕ್ರಿಕೆಟ್, ಈಜು, ಯಾವುದಾದರೂ ಒಂದು ಆಟ ಆಡುತ್ತಿರುವವರಿಗೆ. ಜಿಮ್ನಾಸ್ಟ್ ಆಗಬೇಕೆಂಬ ಆಸೆ ಇಲ್ಲದವರಿಗೆ. ಜಿಮ್ನಾಸ್ಟ್‌ಗಳು ಮಾಡುವ ನೂರು ಕಸರತ್ತುಗಳಲ್ಲಿ ನಮ್ಮ ಆಟಕ್ಕೆ ಬೇಕಾದದ್ದು ಏಳೆಂಟು ಮಾತ್ರ. ಅವೂ ನೋಡಲು ಏನೂ ಚೆಂದ ಇಲ್ಲ. ವಿಡಿಯೊ ಮಾಡಿ ಹಾಕಿದರೆ ಯಾರೂ ಲೈಕ್ ಒತ್ತುವುದಿಲ್ಲ. ಆದರೆ ಕೆಲಸ ಮಾಡುವುದು ಅವೇ.

ಇದು ಬೇರೆ ಹೇಗೆ?

ಜಿಮ್‌ನಲ್ಲಿ ಬಲ ಹೆಚ್ಚಿಸಬೇಕಾದರೆ ಪ್ಲೇಟ್ ಸೇರಿಸುತ್ತೇವೆ. ಇಲ್ಲಿ ಸೇರಿಸಲು ಪ್ಲೇಟೇ ಇಲ್ಲ, ನಿಮ್ಮ ಮೈಯೇ ತೂಕ. ಹಾಗಾದರೆ ಭಾರ ಹೆಚ್ಚಾಗುವುದು ಹೇಗೆ? ಮೈಯನ್ನು ಉದ್ದ ಮಾಡಿದರೆ ಭಾರ ಹೆಚ್ಚುತ್ತದೆ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಆನಿಸಿಕೊಂಡರೆ ಕೆರೆಯಿಂದ ಮನೆವರೆಗೂ ನಡೆಯಬಹುದು. ಅದನ್ನೇ ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆಗೇ ಸುಸ್ತು. ಬಿಂದಿಗೆ ಅದೇ, ನೀರೂ ಅಷ್ಟೇ. ದೂರ ಬದಲಾಯಿತು ಅಷ್ಟೆ. ಬಾರ್‌ಗೆ ನೇತು ಮೊಣಕಾಲು ಎದೆಗೆ ಮಡಚಿ ಮೈಯನ್ನು ಅಡ್ಡ ಮಾಡುವುದು ಸುಲಭ, ಅದೇ ಕಾಲು ನೀಟಿದರೆ ವರ್ಷಗಟ್ಟಲೆ ಬೇಕು. ಈ ಒಂದು ಲೆಕ್ಕ ಗೊತ್ತಾದರೆ ಮುಂದಿನ ಎಲ್ಲ ಹೆಜ್ಜೆಗಳೂ ಅರ್ಥವಾಗುತ್ತವೆ.

ಇನ್ನೊಂದು ವ್ಯತ್ಯಾಸ ಕೈ ನೇರ ಇಟ್ಟು ಮಾಡುವ ಕೆಲಸ. ದಂಡ, ಪುಷ್ ಅಪ್, ಬೆಂಚ್ ಪ್ರೆಸ್ ಎಲ್ಲದರಲ್ಲೂ ಮೊಣಕೈ ಮಡಚಿ ನೀಟುತ್ತೇವೆ. ಜಿಮ್ನಾಸ್ಟ್ ಮೊಣಕೈ ಬೀಗ ಹಾಕಿದ ಹಾಗೆ ನೇರ ಇಟ್ಟು, ಪೂರ್ತಿ ಮೈಯನ್ನು ಭುಜದಿಂದ ಹಿಡಿದಿಡುತ್ತಾನೆ. ಬೆನ್ನಿನ ಮೇಲ್ಭಾಗದಲ್ಲಿ ರೆಕ್ಕೆಯ ಹಾಗಿರುವ ಎರಡು ಎಲುಬುಗಳಿವೆಯಲ್ಲ, ಅವನ್ನು ಹಿಡಿದಿರುವ ಸ್ನಾಯುಗಳಿಗೆ ಇಲ್ಲಿ ಸಿಗುವಷ್ಟು ಕೆಲಸ ಬೇರೆಡೆ ಸಿಗುವುದು ಕಡಿಮೆ. ಸ್ಮ್ಯಾಶ್ ಹೊಡೆಯುವವರಿಗೆ, ಬೌಂಡರಿಯಿಂದ ಚೆಂಡು ಎಸೆಯುವವರಿಗೆ ಮೊದಲು ಕೈಕೊಡುವ ಜಾಗವೂ ಅದೇ. 1997ರಲ್ಲಿ ನಮ್ಮ ಜಾವಗಲ್ ಶ್ರೀನಾಥ್ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡದ್ದು ಭುಜದ ಗಾಯದಿಂದಲೇ.

ಜಿಮ್ನಾಸ್ಟಿಕ್ಸ್ ಬೇರೆ ಆಟಕ್ಕೆ ಹೇಗೆ ದಾಟುತ್ತದೆ ಅನ್ನುವುದಕ್ಕೆ ರಷ್ಯಾದ ಯೆಲೆನಾ ಇಸಿನ್ಬಯೇವಾಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಐದನೇ ವಯಸ್ಸಿನಿಂದ ಹದಿನೈದರವರೆಗೆ ಅವರು ಜಿಮ್ನಾಸ್ಟ್. ಎತ್ತರ ಜಾಸ್ತಿ ಆಯಿತೆಂದು ಅದನ್ನು ಬಿಟ್ಟು ಪೋಲ್ ವಾಲ್ಟ್‌ಗೆ ಬಂದರು. 2004 ಮತ್ತು 2008ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 2009ರಲ್ಲಿ 5.06 ಮೀಟರ್ ಹಾರಿದರು. ಕೋಲಿಗೆ ನೇತು, ತಲೆ ಕೆಳಗೆ ಕಾಲು ಮೇಲೆ ಮಾಡಿ ಮೈಯನ್ನು ಬಾರ್ ದಾಟಿಸುವುದು ಬಹುಪಾಲು ಜಿಮ್ನಾಸ್ಟಿಕ್ಸೇ ಅಲ್ವಾ.

ನಮಗೂ ಇದು ಹೊಸದೇನಲ್ಲ. ಬಾಗಲಕೋಟೆಯ ತುಳಸಿಗೇರಿ, ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಕಡೆ ಮಲ್ಲಕಂಬ ಏರುವ ಮಕ್ಕಳನ್ನು ನೋಡಿ. ಮಲೆನಾಡಿನ ಅಡಿಕೆ ತೋಟದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಜೀಕಿಕೊಂಡು ಹೋಗಿ ಗೊನೆ ಕೊಯ್ಯುವ ಕೊನೆಗೌಡರನ್ನು ನೋಡಿ. ಅವರ ಹಿಡಿತ ಮತ್ತು ಹೊಟ್ಟೆಯ ಬಲ ಯಾವ ಜಿಮ್ನಾಸ್ಟ್‌ಗೂ ಕಡಿಮೆಯಿಲ್ಲ.

ಏನೇನು ಬೇಕು

ಒಂದು ಬಾರ್, ಒಂದು ಜೊತೆ ರಿಂಗ್ಸ್ (ಪಟ್ಟಿಗೆ ಕಟ್ಟಿ ನೇತುಹಾಕುವ ಬಳೆಗಳು), ಒಂದು ಗೋಡೆ. ಈಗ ಬಹಳಷ್ಟು ಪಾರ್ಕುಗಳ ಓಪನ್ ಜಿಮ್‌ನಲ್ಲಿ ಪುಲ್ ಅಪ್ ಬಾರ್, ಕೆಲವು ಕಡೆ ಪ್ಯಾರಲಲ್ ಬಾರ್ (ಅಕ್ಕಪಕ್ಕದ ಜೋಡಿ ಕಂಬಿ) ಕೂಡ ಇವೆ. ರಿಂಗ್ಸ್ ಕೊಳ್ಳುವುದಾದರೆ ಮರದ್ದನ್ನೇ ಕೊಳ್ಳಿ. ಪ್ಲಾಸ್ಟಿಕ್ ಬೆವರಿಗೆ ಜಾರುತ್ತದೆ. ಮರದ ಕೊಂಬೆಗೆ ಕಟ್ಟುವುದಾದರೆ ಹುಣಸೆಯೋ ಬೇವೋ ನೋಡಿ, ತೊಡೆ ಗಾತ್ರದ ಹಸಿ ಕೊಂಬೆ ಆರಿಸಿ. ನುಗ್ಗೆ ಮರದ ಹತ್ತಿರವೂ ಹೋಗಬೇಡಿ, ಯಾಕೆಂದು ನಿಮ್ಮಜ್ಜಿಯನ್ನು ಕೇಳಿ. ಕಟ್ಟಿದ ಮೇಲೆ ಮೊದಲು ಕಾಲು ನೆಲದಲ್ಲಿಟ್ಟೇ ಎಳೆದು ಪರೀಕ್ಷೆ ಮಾಡಿ.

ಕೈ ಬೆವರಿದರೆ ಚಾಕ್ (ಜಿಮ್ನಾಸ್ಟ್‌ಗಳು ಹಚ್ಚುವ ಬಿಳಿ ಪುಡಿ) ಹಚ್ಚಿಕೊಳ್ಳಿ. ಮುಖದ ಪೌಡರ್ ಹಚ್ಚಬೇಡಿ, ಅದು ಇನ್ನೂ ಜಾರಿಸುತ್ತದೆ.

ಮೊದಲ ಹೆಜ್ಜೆ: ಒಂದು ಭಾನುವಾರದ ಪರೀಕ್ಷೆ

ಏನನ್ನೂ ಶುರು ಮಾಡುವ ಮೊದಲು ನೀವು ಎಲ್ಲಿದ್ದೀರಿ ಅಂತ ನೋಡಿಕೊಳ್ಳಿ. ಮೈ ಬೆಚ್ಚಗಾದ ಮೇಲೆ ಇವಿಷ್ಟನ್ನು ಮಾಡಿ, ನೋಟ್‌ಬುಕ್ಕಲ್ಲಿ ಬರೆದಿಡಿ.

- ಬಾರ್‌ಗೆ ನೇತಾಡುವುದು: 30 ಸೆಕೆಂಡ್
- ಪ್ಯಾರಲಲ್ ಬಾರ್ ಮೇಲೆ ಕೈ ನೇರ ಊರಿ ಮೈ ಎತ್ತಿ ನಿಲ್ಲುವುದು: 20 ಸೆಕೆಂಡ್
- ಹಾಲೋ ಹೋಲ್ಡ್ (ಕೆಳಗೆ ಹೇಳುತ್ತೇನೆ): 30 ಸೆಕೆಂಡ್
- ಸೊಂಟ ಜೋಲದೆ ಪುಷ್ ಅಪ್: 15
- ಗೋಡೆಗೆ ಬೆನ್ನು ಆನಿಸಿ ನಿಂತು, ಬೆನ್ನು ಬಿಲ್ಲಾಗದಂತೆ ಎರಡೂ ಕೈ ಮೇಲೆತ್ತಿ ಗೋಡೆ ಮುಟ್ಟುವುದು

ಕೊನೆಯದು ಆಗದಿದ್ದರೆ ಹ್ಯಾಂಡ್‌ಸ್ಟ್ಯಾಂಡ್ ಈಗಲೇ ಬೇಡ. ಭುಜ ಪೂರ್ತಿ ತೆರೆಯದವರು ತಲೆಕೆಳಗಾಗಿ ನಿಂತರೆ ಆ ಕೊರತೆಯನ್ನು ನಡು ತುಂಬಿಸುತ್ತದೆ, ಆಮೇಲೆ ನಡುನೋವು ಬರುತ್ತದೆ. ಉಳಿದವುಗಳಲ್ಲಿ ಎಲ್ಲಿ ಕಡಿಮೆ ಬಂತೋ ಅಲ್ಲಿಂದ ಶುರು. 

ಭುಜ ಒಮ್ಮೆಯಾದರೂ ಕಳಚಿದ್ದರೆ (ಕಬಡ್ಡಿಯವರಲ್ಲಿ ಇದು ಅಪರೂಪವಲ್ಲ) ನೇತಾಡುವ ಮೊದಲು ಫಿಸಿಯೊಥೆರಪಿಸ್ಟ್ ಹತ್ತಿರ ತೋರಿಸಿಕೊಳ್ಳಿ. ಬಿಪಿ ಇರುವವರು ತಲೆಕೆಳಗಾಗುವುದನ್ನೂ ಉಸಿರು ಬಿಗಿಹಿಡಿಯುವುದನ್ನೂ ವೈದ್ಯರನ್ನು ಕೇಳದೆ ಮಾಡಬೇಡಿ.

ಎರಡನೇದು: ಮಣಿಕಟ್ಟು, ಮೊಣಕೈ

ಇದನ್ನು ಎಲ್ಲರೂ ಹಾರಿಸುತ್ತಾರೆ. ನಾನೂ ಹಾರಿಸಿದ್ದೆ. ನೆಲದ ಮೇಲೆ ಮಂಡಿಯೂರಿ ಅಂಗೈ ಊರಿ, ಬೆರಳು ಮುಂದಕ್ಕೆ ಇರುವಂತೆ ನಿಧಾನ ಮುಂದೆ ವಾಲಿ, ಹಿಂದೆ ಬನ್ನಿ. ಹತ್ತು ಸಲ. ಆಮೇಲೆ ಬೆರಳು ನಿಮ್ಮ ಕಡೆ ತಿರುಗುವಂತೆ ಇಟ್ಟು ಹತ್ತು. ಆಮೇಲೆ ಅಂಗೈ ಮೇಲೆ, ಕೈಯ ಹಿಂಬದಿ ಕೆಳಗೆ ಮಾಡಿ ತುಂಬಾ ಹಗುರಾಗಿ ಹತ್ತು. ಕಡೆಗೆ ಪುಷ್ ಅಪ್ ಭಂಗಿಯಲ್ಲಿ ನಿಂತು, ಮೊಣಕೈ ಮಡಚದೆ ಎದೆಯನ್ನು ಮಾತ್ರ ಕೆಳಗೆ ಬಿಟ್ಟು ಮೇಲೆ ಒತ್ತುವುದು, ಹತ್ತು. ಒಟ್ಟು ಐದಾರು ನಿಮಿಷ.

ಹಾಲೋ: ಇದೊಂದೇ ಕಲಿತರೂ ಲಾಭ

ಬೆನ್ನ ಮೇಲೆ ಮಲಗಿ. ಸೊಂಟದ ಹಿಂದೆ ನೆಲಕ್ಕೂ ಬೆನ್ನಿಗೂ ನಡುವೆ ಸಂದು ಇರುತ್ತದಲ್ಲ, ಹೊಟ್ಟೆ ಒಳಗೆಳೆದು ಆ ಸಂದು ಮುಚ್ಚಿ. ಈಗ ಭುಜ ನೆಲದಿಂದ ಸ್ವಲ್ಪ ಎತ್ತಿ. ಕಾಲು ಜೋಡಿಸಿ ನೇರ ಮಾಡಿ, ಒಂದು ಗೇಣು ಎತ್ತಿ. ಕೈಗಳು ಕಿವಿಗೆ ತಾಗಿಕೊಂಡು ಹಿಂದಕ್ಕೆ. ಮೈ ದೋಣಿಯ ಹಾಗೆ ಕಾಣಬೇಕು. ಗೆಳೆಯನೊಬ್ಬ ನಿಮ್ಮ ಸೊಂಟದ ಕೆಳಗೆ ಬೆರಳು ತೂರಿಸಲು ನೋಡಲಿ. ಬೆರಳು ಹೋಯಿತೆಂದರೆ ಅದು ಹಾಲೋ ಅಲ್ಲ, ಸುಮ್ನೆ ಮಲಗಿ ನಡುಗುವುದು.

ಶುರುವಿನಲ್ಲಿ ಕಾಲು ನೀಟಿ ಮಾಡಲು ಬಹಳ ಜನಕ್ಕೆ ಆಗುವುದಿಲ್ಲ. ಮೊಣಕಾಲು ಎದೆ ಕಡೆ ಮಡಚಿ, ಕೈ ಪಕ್ಕದಲ್ಲಿಟ್ಟು ಶುರು ಮಾಡಿ. 20 ಸೆಕೆಂಡ್ ಸಲೀಸಾದರೆ ಒಂದು ಕಾಲು ನೀಟಿ. ಆಮೇಲೆ ಎರಡೂ. ಆಮೇಲೆ ಕೈ ತಲೆಯ ಮೇಲಕ್ಕೆ. ಬಿಂದಿಗೆಯ ಲೆಕ್ಕ ನೆನಪಿದೆ ಅಲ್ವಾ?

ಯೋಗ ಮಾಡುವವರಿಗೆ ಇದು ನಾವಾಸನದ ತಮ್ಮನ ಹಾಗೆ ಅನಿಸಬಹುದು. ಆದರೆ ನಾವಾಸನದಲ್ಲಿ ಬೆನ್ನು ಎದ್ದು ಕೂತಿರುತ್ತದೆ, ಇಲ್ಲಿ ಸೊಂಟ ನೆಲಕ್ಕೆ ಅಂಟಿರಬೇಕು.

ಇದರಿಂದ ಆಟಕ್ಕೇನು ಸಿಗುತ್ತದೆ? ಕಾವು ಸಡಿಲವಾದ ಕೊಡಲಿಯಿಂದ ಎಷ್ಟು ಜೋರಾಗಿ ಹೊಡೆದರೂ ಮರ ಕಡಿಯುವುದಿಲ್ಲ. ಕಾಲಿನಲ್ಲಿ ಹುಟ್ಟಿದ ಬಲ ಕೈಗೆ ಬರಬೇಕಾದರೆ ನಡುವಿನ ಭಾಗ ಸಡಿಲ ಇರಬಾರದು. ವಾಲಿಬಾಲ್ ಸ್ಮ್ಯಾಶ್ ನಿಧಾನ ಮಾಡಿ ನೋಡಿ: ಮೇಲೆ ಹಾರಿದಾಗ ಮೈ ಹಿಂದಕ್ಕೆ ಬಿಲ್ಲಾಗುತ್ತದೆ, ಹೊಡೆಯುವಾಗ ಫಟ್ ಅಂತ ಮುಂದಕ್ಕೆ ಹಾಲೋ ಆಗುತ್ತದೆ. ಬೌಲರ್‌ನದೂ ಹೆಚ್ಚುಕಮ್ಮಿ ಅದೇ. ಈಜುಗಾರ ಗೋಡೆ ಒದ್ದು ನೀರಲ್ಲಿ ಬಾಣದ ಹಾಗೆ ಹೋಗುತ್ತಾನಲ್ಲ, ಆಗಲೂ ಕೈ ಕಿವಿಗೆ ತಾಗಿ ಹೊಟ್ಟೆ ಬಿಗಿಯಾಗಿರುತ್ತದೆ. ನೆಲದ ಮೇಲೆ ಮಾಡಿದ್ದನ್ನೇ ಅವನು ನೀರಲ್ಲಿ ಮಾಡುತ್ತಾನೆ.

ಹಾಲೋಗೆ ಜೋಡಿ ಆರ್ಚ್. ಬೋರಲು ಮಲಗಿ ಎದೆ, ಕೈ, ಕಾಲು ಎತ್ತುವುದು. ಶಲಭಾಸನದ ಥರ. ಎರಡೂ ತಲಾ 30 ಸೆಕೆಂಡ್ ಬಂದ ಮೇಲೆ ತೊಟ್ಟಿಲಿನ ಹಾಗೆ ತೂಗಿ. ಆಮೇಲೆ ಬಾರ್‌ಗೆ ನೇತು, ಮೈಯನ್ನು ಬಿಲ್ಲು-ಹಾಲೋ, ಬಿಲ್ಲು-ಹಾಲೋ ಅಂತ ಸಣ್ಣಗೆ ಬೀಸಿ. ನಿಂತ ಬಲ ಚಲಿಸುವ ಬಲವಾಗುವುದು ಇಲ್ಲಿಂದ.

ಆದರೆ ಒಂದು ಮಾತು. ಹದಿಹರೆಯದ ವೇಗದ ಬೌಲರ್‌ಗಳು ಆರ್ಚನ್ನು ಜಾಸ್ತಿ ಮಾಡಬೇಡಿ. ಬೌಲಿಂಗ್‌ನಲ್ಲೇ ನಿಮ್ಮ ನಡು ಸಾವಿರಾರು ಸಲ ಹಿಂದಕ್ಕೆ, ಪಕ್ಕಕ್ಕೆ ಬಾಗುತ್ತದೆ. ಬೆನ್ನುಮೂಳೆಯಲ್ಲಿ ಕೂದಲೆಳೆ ಬಿರುಕು ಬಿಡುವುದು ಆ ವಯಸ್ಸಿನ ಬೌಲರ್‌ಗಳ ಮಾಮೂಲಿ ಗಾಯ. ನಿಮಗೆ ಹಾಲೋ ಮತ್ತು ಸೈಡ್ ಪ್ಲ್ಯಾಂಕ್ (ಪಕ್ಕಕ್ಕೆ ತಿರುಗಿ, ಒಂದು ಮೊಣಕೈ ಊರಿ ಮೈ ನೇರ ಎತ್ತಿ ಹಿಡಿಯುವುದು) ಸಾಕು.

ನೇತಾಟದಿಂದ ಪುಲ್ ಅಪ್‌ಗೆ

ಮೊದಲ ಎರಡು ವಾರ ಬರೀ ನೇತಾಡಿ. 20 ಸೆಕೆಂಡ್, ನಾಲ್ಕು ಸಲ. ಹಿಡಿತ, ಮೊಣಕೈ, ಭುಜ ಮೂರೂ ಹೊಂದಿಕೊಳ್ಳಲಿ. ಆಮೇಲೆ ಕೈ ಮಡಚದೆ ಭುಜ ಮಾತ್ರ ಕಿವಿಯಿಂದ ಕೆಳಕ್ಕೆ ಎಳೆಯಿರಿ. ಮೈ ಎರಡು ಮೂರು ಇಂಚು ಮಾತ್ರ ಮೇಲೇರುತ್ತದೆ. ಎಂಟು ಸಲ. ಇದು ತೀರಾ ಸಣ್ಣದು ಅನಿಸುತ್ತದೆ, ಆದರೆ ಪುಲ್ ಅಪ್‌ನಲ್ಲಿ ಭುಜ ನೋಯುವ ಮುಕ್ಕಾಲು ಪಾಲು ಹುಡುಗರು ಈ ಮೊದಲ ಎರಡು ಇಂಚನ್ನು ಕಲಿತೇ ಇರುವುದಿಲ್ಲ. ಇದು ನಾನು ಮೈದಾನದಲ್ಲಿ ಕಂಡ ಲೆಕ್ಕ, ಸಂಶೋಧನೆ ಅಲ್ಲ.

ಪುಲ್ ಅಪ್ ಒಂದೂ ಬಾರದವರು ಸ್ಟೂಲ್ ಹತ್ತಿ ಗದ್ದ ಬಾರ್ ಮೇಲೆ ಇಟ್ಟು, ಐದು ಎಣಿಸುತ್ತಾ ಇಳಿಯಿರಿ. ನಾಲ್ಕು ಸಲ, ಮೂರು ಸೆಟ್. ಇಳಿಯುವ ಬಲ ಏರುವ ಬಲಕ್ಕಿಂತ ಯಾವಾಗಲೂ ಜಾಸ್ತಿ, ಅದನ್ನೇ ಬಳಸಿಕೊಳ್ಳುವುದು. ಇದರ ಜೊತೆಗೆ ರಿಂಗ್ಸ್ ಹಿಡಿದು ಹಿಂದಕ್ಕೆ ವಾಲಿ ಎದೆಗೆ ಎಳೆಯುವ ರೋ ಹತ್ತು ಮಾಡಿ. ಕಾಲು ಮುಂದೆ ಸರಿಸಿದಷ್ಟೂ ಕಷ್ಟ.

ಮೈ ಹಾಲೋದಲ್ಲಿಟ್ಟು, ಕಾಲು ಒದೆಯದೆ, ಎಂಟು ಪುಲ್ ಅಪ್ ಬಂದರೆ ಬೇರೆ ಆಟದವರಿಗೆ ಧಾರಾಳವಾಯಿತು. ಇಪ್ಪತ್ತಕ್ಕೆ ಹೋಗುವ ಹಟ ಬೇಡ. ಆ ಸಮಯ ನಿಮ್ಮ ಆಟಕ್ಕೆ ಕೊಡಿ. ಕಬಡ್ಡಿಯವರು ಮಾತ್ರ ಬಾರ್ ಮೇಲೆ ಟವೆಲ್ ಹಾಕಿ ಅದನ್ನು ಹಿಡಿದು ನೇತಾಡಿ. ಕಣಕಾಲು ಹಿಡಿಯುವವನ ಮುಷ್ಟಿಗೆ, ಸರಪಳಿ ಕಟ್ಟಿ ನಿಲ್ಲುವವರ ಬೆರಳಿಗೆ ಇದರಷ್ಟು ಅಗ್ಗದ ಔಷಧಿ ಇನ್ನೊಂದಿಲ್ಲ.

ಊರಿ ನಿಲ್ಲುವುದು

ಜಿಮ್ನಾಸ್ಟ್ ಮಕ್ಕಳು ಮೊದಲು ಕಲಿಯುವ, ನಾವು ಯಾರೂ ಮಾಡದ ಕಸರತ್ತು ಇದು. ಪ್ಯಾರಲಲ್ ಬಾರ್ ಮೇಲೆ ಎರಡೂ ಅಂಗೈ ಊರಿ, ಮೊಣಕೈ ಬೀಗ ಹಾಕಿ, ಭುಜವನ್ನು ಕಿವಿಯಿಂದ ದೂರ ಒತ್ತಿ ನಿಲ್ಲುವುದು. ಕುತ್ತಿಗೆ ಉದ್ದ ಕಾಣಬೇಕು. ಕುತ್ತಿಗೆ ಭುಜದೊಳಗೆ ಮುಳುಗಿದರೆ ನೀವು ಎಲುಬಿಗೆ ಜೋತುಬಿದ್ದಿದ್ದೀರಿ, ಸ್ನಾಯು ಕೆಲಸ ಮಾಡುತ್ತಿಲ್ಲ. ಬಾರ್ ಇಲ್ಲದಿದ್ದರೆ ಎರಡು ಗಟ್ಟಿ ಕುರ್ಚಿಗಳ ನಡುವೆ, ಕಾಲು ಮಡಚಿಕೊಂಡು ಮಾಡಬಹುದು. ಪ್ಲಾಸ್ಟಿಕ್ ಕುರ್ಚಿ ಬೇಡ.

30 ಸೆಕೆಂಡ್ ಬಂದ ಮೇಲೆ ರಿಂಗ್ಸ್‌ಗೆ ಹೋಗಿ. ಆಗ ಗೊತ್ತಾಗುತ್ತದೆ ಮಜಾ. ಬಾರ್ ಮೇಲೆ ಅರ್ಧ ನಿಮಿಷ ನಿಂತವರು ರಿಂಗ್ಸ್ ಮೇಲೆ ಐದು ಸೆಕೆಂಡಿಗೆ ಎಲೆ ಥರ ನಡುಗುತ್ತಾರೆ. ರಿಂಗ್ ಎತ್ತ ಬೇಕಾದರೂ ಓಡುತ್ತದೆ, ಅದನ್ನು ಹಿಡಿದಿಡಲು ಭುಜದ ಸಣ್ಣ ಸ್ನಾಯುಗಳೆಲ್ಲ ಒಟ್ಟಿಗೆ ಎಚ್ಚರವಾಗಬೇಕು. ರಿಂಗ್ಸನ್ನು ಸೊಂಟದ ಎತ್ತರಕ್ಕೆ ಕಟ್ಟಿ, ಕಾಲ್ಬೆರಳು ನೆಲಕ್ಕೆ ತಾಗಿಸಿಕೊಂಡು ಶುರು ಮಾಡಿ. ನಿಧಾನವಾಗಿ ಹೆಬ್ಬೆರಳು ಹೊರಕ್ಕೆ ತಿರುಗುವಂತೆ ರಿಂಗ್ ತಿರುಗಿಸಿ. ಒಂದು ತಿಂಗಳಲ್ಲಿ 15 ಸೆಕೆಂಡ್ ಬಂದರೆ ಒಳ್ಳೆಯ ಪ್ರಗತಿ.

ಡಿಪ್ಸ್, ಅಂದರೆ ಹೀಗೆ ಊರಿ ನಿಂತು ಮೊಣಕೈ ಮಡಚಿ ಇಳಿದು ಮತ್ತೆ ಮೇಲೇಳುವುದು, ಇದರ ನಂತರ. ಬಾರ್ ಮೇಲೆ ಎಂಟು ಡಿಪ್ಸ್ ಸಾಕು. ಭುಜದ ಮುಂಭಾಗ ಚುಚ್ಚಿದರೆ ಕೆಳಗೆ ಇಳಿಯುವುದನ್ನು ಕಡಿಮೆ ಮಾಡಿ. ಸ್ಮ್ಯಾಶ್ ಹೊಡೆಯುವವರು, ಎಸೆಯುವವರು ಆಳದ ಡಿಪ್ಸ್ ಬಿಟ್ಟೇಬಿಟ್ಟರೂ ನಷ್ಟವಿಲ್ಲ ಅಂತ ನನ್ನ ಅಭಿಪ್ರಾಯ. ಅವರಿಗೆ ರಿಂಗ್ಸ್ ಪುಷ್ ಅಪ್ ಇನ್ನೂ ಒಳ್ಳೆಯದು.

ಇಲ್ಲೇ ಎಲ್ ಸಿಟ್ ಸೇರಿಸಿಕೊಳ್ಳಿ. ಕೈ ಊರಿ ನಿಂತಾಗ ಮೊಣಕಾಲು ಎದೆಗೆ ಎತ್ತಿ ಹತ್ತು ಸೆಕೆಂಡ್. ಬಂದಮೇಲೆ ಒಂದು ಕಾಲು ನೀಟಿ, ಆಮೇಲೆ ಎರಡೂ. ತೊಡೆ ಮೇಲೆತ್ತುವ ಬಲ ಓಟಗಾರರಿಗೂ ಬೇಕು.

ಗೋಡೆ ಹತ್ತುವುದು

ಹ್ಯಾಂಡ್‌ಸ್ಟ್ಯಾಂಡ್ ಅಂದರೆ ಶೀರ್ಷಾಸನ ಅಲ್ಲ. ತಲೆ ನೆಲಕ್ಕೆ ತಾಗುವುದಿಲ್ಲ, ಕೈ ಮೇಲೆ ನಿಲ್ಲುವುದು. ಗೋಡೆಗೆ ಬೆನ್ನು ಹಾಕಿ ಕಾಲು ಒದ್ದು ನಿಲ್ಲುವವರೇ ಜಾಸ್ತಿ. ಅದರಲ್ಲಿ ನಡು ಬಿಲ್ಲಾಗುತ್ತದೆ. ಗೋಡೆಗೆ ಮುಖ ಮಾಡಿ ಹತ್ತಿ. ಪುಷ್ ಅಪ್ ಭಂಗಿಯಲ್ಲಿ ಪಾದ ಗೋಡೆಗೆ ತಾಗಿಸಿ, ಪಾದ ಗೋಡೆ ಮೇಲೆ ನಡೆಯಲಿ, ಕೈ ಗೋಡೆ ಕಡೆ ನಡೆಯಲಿ. ಮೊದಲ ವಾರ ಅರ್ಧ ಹತ್ತಿದರೂ ಸಾಕು. ಕಡೆಗೆ ಕೈ ಗೋಡೆಯಿಂದ ಒಂದು ಗೇಣು ದೂರ, ಮೂಗು ಮತ್ತು ಕಾಲ್ಬೆರಳು ಮಾತ್ರ ಗೋಡೆಗೆ. ನೆಲವನ್ನು ದೂಡಿ ಉದ್ದವಾಗಿ.

ಇಳಿಯುವುದನ್ನು ಮೊದಲು ಕಲಿಯಿರಿ. ಸುಸ್ತಾದಾಗ ಕೈಗಳನ್ನು ಗೋಡೆಯಿಂದ ದೂರಕ್ಕೆ ನಡೆಸಿಕೊಂಡು ಬಂದು ಇಳಿಯಬೇಕು. ಬಿದ್ದೇ ಹೋಗುವ ಹಾಗಾದರೆ ಒಂದು ಕೈ ತಿರುಗಿಸಿ ಪಕ್ಕಕ್ಕೆ ಕಾಲು ಹಾಕಿ. ತೀರಾ ಸುಸ್ತಾಗುವವರೆಗೆ ಕಾಯಬೇಡಿ. 20 ಸೆಕೆಂಡ್, ನಾಲ್ಕು ಸಲ. ವಾಲಿಬಾಲ್ ಬ್ಲಾಕ್‌ನಲ್ಲಿ ಎತ್ತಿದ ಕೈ ಚೆಂಡಿನ ಹೊಡೆತಕ್ಕೆ ಹಿಂದೆ ಬಾಗದಿರಲು ಬೇಕಾದ ಬಲ ಇಲ್ಲಿ ಸಿಗುತ್ತದೆ.

ಕೈ ನೇರದ ಕಸರತ್ತು, ಮತ್ತು ನನ್ನ ಮೊಣಕೈ

ಕೆಲವು ವರ್ಷದ ಹಿಂದೆ ಒಂದು ವಿಡಿಯೊ ನೋಡಿ ನಾನು ನೇರ ಮಸಲ್ ಅಪ್‌ಗೆ (ಬಾರ್‌ಗೆ ನೇತು, ಮೈ ಎಳೆದು, ಬಾರ್ ಮೇಲೆ ಕೈ ಊರಿ ಏಳುವುದು) ಕೈ ಹಾಕಿದೆ. ಪುಲ್ ಅಪ್ ಹತ್ತು ಬರುತ್ತಿತ್ತು, ಇನ್ನೇನು ಬೇಕು ಅಂತ. ಎರಡು ವಾರ ದಿನಾ ಸಂಜೆ ಪ್ರಯತ್ನ. ಮೂರನೇ ವಾರ ಮೊಣಕೈ ಒಳಭಾಗದಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಆಮೇಲೆ ನಾಲ್ಕು ತಿಂಗಳು ಬಕೆಟ್ ಎತ್ತಿದರೂ ನೋವು. ಆ ವರ್ಷದ ಟೂರ್ನಮೆಂಟ್‌ನಲ್ಲಿ ನಾನು ಸ್ಕೋರ್ ಬರೆಯುತ್ತಾ ಕೂತಿದ್ದೆ.

ಕಾರಣ ಸರಳ. ಸ್ನಾಯು ಕೆಲವು ವಾರಗಳಲ್ಲಿ ಗಟ್ಟಿಯಾಗುತ್ತದೆ. ಅದನ್ನು ಎಲುಬಿಗೆ ಕಟ್ಟುವ ಹುರಿ, ಅಂದರೆ ಟೆಂಡನ್, ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ‘ನನಗೆ ಆಗುತ್ತೆ’ ಅಂತ ಸ್ನಾಯು ಹೇಳುವಾಗ ಟೆಂಡನ್ ಇನ್ನೂ ತಯಾರಾಗಿರುವುದಿಲ್ಲ. ಕೈ ನೇರ ಇಟ್ಟು ಮಾಡುವ ಕೆಲಸದಲ್ಲಿ ಭಾರ ಮೊಣಕೈಯ ಆ ಹುರಿಗಳ ಮೇಲೂ ಜೋರಾಗಿ ಬೀಳುತ್ತದೆ.

ಹಾಗಾಗಿ ಇದನ್ನು ಮೂರನೇ ತಿಂಗಳಿಗೆ ಇಟ್ಟುಕೊಳ್ಳಿ. ಮೂರೇ ಸಾಕು. ಒಂದು, ಪುಷ್ ಅಪ್ ಭಂಗಿಯಲ್ಲಿ ಮೊಣಕೈ ನೇರ ಇಟ್ಟು ಭುಜ ಮಣಿಕಟ್ಟಿಗಿಂತ ಮುಂದೆ ಬರುವಂತೆ ವಾಲಿ ಹಿಡಿಯುವುದು. ಇನ್ನೊಂದು, ಬಾರ್‌ಗೆ ನೇತು ಮೊಣಕಾಲು ಎದೆಗೆ ಮಡಚಿ ಬೆನ್ನು ನೆಲಕ್ಕೆ ಸಮಾನವಾಗುವವರೆಗೆ ಎತ್ತುವುದು, ಟಕ್ ಫ್ರಂಟ್ ಲೀವರ್ ಅನ್ನುತ್ತಾರೆ. ಮೂರನೆಯದು ನೀವು ಚಿಕ್ಕಂದಿನಲ್ಲಿ ಕೊಂಬೆ ಮೇಲೆ ಮಾಡಿದ್ದೇ: ನೇತು, ಕಾಲುಗಳನ್ನು ತೋಳುಗಳ ನಡುವೆ ತೂರಿಸಿ ಹಿಂದಕ್ಕೆ ಇಳಿಸುವುದು. ರಿಂಗ್ಸ್ ತಗ್ಗಿಗೆ ಕಟ್ಟಿ, ಕಾಲು ನೆಲ ಮುಟ್ಟುವಂತೆ ಇರಲಿ, ಭಾರ ಸ್ವಲ್ಪ ಸ್ವಲ್ಪವೇ ಬಿಡಿ. ಭುಜ ಸಡಿಲ ಇರುವವರಿಗೆ, ಮುಖ್ಯವಾಗಿ ಈಜುಗಾರರಿಗೆ, ಈ ಮೂರನೆಯದು ಬೇಡ.

ಎಷ್ಟು ಹೊತ್ತು ಹಿಡಿಯಬೇಕು? ನಿಮ್ಮ ಗರಿಷ್ಠ 20 ಸೆಕೆಂಡ್ ಇದ್ದರೆ 12 ಸೆಕೆಂಡಿನಂತೆ ಐದು ಸಲ ಹಿಡಿಯಿರಿ. ಪ್ರತಿ ಸಲವೂ ಕೈಕಾಲು ನಡುಗುವವರೆಗೆ ಹೋಗುವುದು ಪೌರುಷ ಅಂದುಕೊಂಡಿದ್ದೀರಾ? ಜಿಮ್ನಾಸ್ಟಿಕ್ಸ್ ಪಂದ್ಯದಲ್ಲೇ ರಿಂಗ್ಸ್ ಮೇಲಿನ ಹಿಡಿತಕ್ಕೆ ಕೇಳುವುದು 2 ಸೆಕೆಂಡ್ ಮಾತ್ರ. ಅಲ್ಲಾಡದೆ ಹಿಡಿದಿದ್ದಾರಾ ಅಂತ ನೋಡುತ್ತಾರೆ. ಒಂದು ಹಂತದಲ್ಲಿ ಕನಿಷ್ಠ ನಾಲ್ಕು ವಾರ ಇರಿ. ಸುಲಭ ಅನಿಸಿದರೂ ಇರಿ. ಟೆಂಡನ್‌ಗೆ ಕೊಡುವ ಸಮಯ ಅದು.

ಬೀಳುವುದು, ಉರುಳುವುದು

ಜಿಮ್ನಾಸ್ಟ್ ಕಲಿಯುವುದರಲ್ಲಿ ಅರ್ಧ, ನೆಲಕ್ಕೆ ಹೇಗೆ ಬರಬೇಕು ಅನ್ನುವುದು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಜಿಮ್ನಾಸ್ಟ್ ದೀಪಾ ಕರ್ಮಾಕರ್ ವಾಲ್ಟ್‌ನಲ್ಲಿ ನಾಲ್ಕನೇ ಸ್ಥಾನ ಪಡೆದರಲ್ಲ, ಪ್ರೊಡುನೋವಾ ಎಂಬ ಆ ಜಿಗಿತದಲ್ಲಿ ಎರಡು ಲಾಗ ಹಾಕಿ ಕಾಲ ಮೇಲೆ ಇಳಿಯಬೇಕು. ಭಯ ಇರುವುದೇ ಆ ಇಳಿಯುವಿಕೆಯಲ್ಲಿ. ನಮಗೆ ಲಾಗ ಬೇಡ, ಇಳಿಯುವುದು ಬೇಕು. ವಾಲಿಬಾಲ್‌ನಲ್ಲಿ ಹಾರುವುದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ, ಇಳಿಯುವುದನ್ನು ಯಾರೂ ಮಾಡುವುದಿಲ್ಲ. ಮೊಣಕಾಲು ಹಾಳಾಗುವುದು ಇಳಿಯುವಾಗ.

ಒಂದು ಅಡಿ ಎತ್ತರದ ಕಟ್ಟೆಯಿಂದ ಹೆಜ್ಜೆ ಹಾಕಿ ಕೆಳಗಿಳಿಯಿರಿ. ಮೊದಲು ಮುಂಗಾಲು, ಆಮೇಲೆ ಹಿಮ್ಮಡಿ. ಸೊಂಟ ಹಿಂದಕ್ಕೆ, ಮೊಣಕಾಲು ಬೆರಳುಗಳ ದಿಕ್ಕಿಗೆ. ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ಹತ್ತಿರ ಬರಬಾರದು. ಸದ್ದು ಬರಬಾರದು, ಬೆಕ್ಕು ಇಳಿದ ಹಾಗೆ. ಎರಡು ಸೆಕೆಂಡ್ ಅಲ್ಲೇ ಕಲ್ಲಾಗಿ. ಆರು ಸಲ, ಎರಡು ಸೆಟ್. ಎರಡು ಕಾಲಲ್ಲಿ ಸರಿ ಬಂದ ಮೇಲೆ ಒಂದು ಕಾಲು.

ಉರುಳುವುದಕ್ಕೆ ಕಬಡ್ಡಿ ಮ್ಯಾಟ್, ಮರಳು, ಗರಡಿಯ ಮೆತ್ತನೆ ಮಣ್ಣು ಯಾವುದಾದರೂ ಆಗುತ್ತದೆ. ತಲೆ ನೆಲಕ್ಕೆ ತಾಗದಂತೆ ಒಂದು ಭುಜದಿಂದ ಇನ್ನೊಂದು ಬದಿಯ ಸೊಂಟಕ್ಕೆ ಓರೆಯಾಗಿ ಉರುಳಿ. ಮಂಡಿಯೂರಿ ಶುರು ಮಾಡಿ, ಆಮೇಲೆ ನಿಂತು, ಕಡೆಗೆ ಓಡುತ್ತಾ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಜಪಾನಿನ ಮಹಿಳಾ ವಾಲಿಬಾಲ್ ತಂಡ ಹೆಸರಾದದ್ದೇ ಹೀಗೆ ಉರುಳಿ ಚೆಂಡು ಎತ್ತಿ ಥಟ್ಟನೆ ಎದ್ದು ನಿಲ್ಲುವ ಆಟಕ್ಕೆ.

ವಾರಕ್ಕೆ ಹೇಗೆ ಹೊಂದಿಸುವುದು

ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ವಾರಕ್ಕೆ ಮೂರು ದಿನ, 40 ನಿಮಿಷ. ನಡುವೆ ಒಂದೊಂದು ದಿನ ಬಿಡಿ. ಮಣಿಕಟ್ಟಿನ ತಯಾರಿ, ಹಾಲೋ-ಆರ್ಚ್, ನೇತಾಟ ಅಥವಾ ಪುಲ್ ಅಪ್, ಊರುವುದು, ಗೋಡೆ, ಕಡೆಗೆ ಇಳಿಯುವುದು. ಈ ಕ್ರಮದಲ್ಲಿ. ಟೂರ್ನಮೆಂಟ್ ಸಮಯದಲ್ಲಿ ಎರಡು ದಿನ, 20 ನಿಮಿಷ. ಹೊಸದೇನನ್ನೂ ಕಲಿಯಬೇಡಿ, ಇರುವುದನ್ನು ಉಳಿಸಿಕೊಂಡರೆ ಸಾಕು. ಪಂದ್ಯದ ಹಿಂದಿನ ದಿನ ಬೇಡವೇ ಬೇಡ. ಆಟದ ಅಭ್ಯಾಸ ಅದೇ ದಿನ ಇದ್ದರೆ ಮೊದಲು ಆಟ, ಆಮೇಲೆ ಇದು. ದಣಿದ ಭುಜದಲ್ಲಿ ಸರ್ವ್ ಅಭ್ಯಾಸ ಮಾಡಿದರೆ ತಪ್ಪು ಸರ್ವೇ ಅಭ್ಯಾಸವಾಗುತ್ತದೆ.

ಕಾಲಿಗೆ ಮಾತ್ರ ಇದು ಸಾಲದು. ಜಿಮ್ನಾಸ್ಟಿಕ್ಸ್ ಬಲ ಸೊಂಟದಿಂದ ಮೇಲಕ್ಕೆ ಕೊಡುವಷ್ಟು ಕೆಳಕ್ಕೆ ಕೊಡುವುದಿಲ್ಲ. ಬಸ್ಕಿ ಹೊಡೆಯಿರಿ, ಭಾರ ಹೊತ್ತು ಸ್ಕ್ವಾಟ್ ಮಾಡಿ, ಓಡಿ. ಕಬಡ್ಡಿಯವರು, ಫುಟ್ಬಾಲ್‌ನವರು ನಾರ್ಡಿಕ್ ಕರ್ಲ್ ಸೇರಿಸಿಕೊಳ್ಳಿ. ಮಂಡಿಯೂರಿ ಕುಳಿತು, ಗೆಳೆಯ ಹಿಮ್ಮಡಿ ಹಿಡಿದಾಗ, ಮೈ ನೇರ ಇಟ್ಟು ನಿಧಾನ ಮುಂದಕ್ಕೆ ಬೀಳುವುದು. ತೊಡೆಯ ಹಿಂಭಾಗ ಹಿಡಿದುಕೊಳ್ಳುವ ತೊಂದರೆ ಇದರಿಂದ ಬಹಳ ಕಮ್ಮಿಯಾಗುತ್ತದೆ. ಶುರುವಿನಲ್ಲಿ ನಾಲ್ಕೈದಕ್ಕಿಂತ ಜಾಸ್ತಿ ಮಾಡಿದರೆ ಮಾರನೇ ದಿನ ಮೆಟ್ಟಿಲು ಇಳಿಯಲಾಗುವುದಿಲ್ಲ.

ಕಬಡ್ಡಿಯವರಿಗೆ ಇನ್ನೊಂದು ಅನುಕೂಲ. ತೂಕದ ಮಿತಿ ಇರುವ ಆಟ ಅದು. ಇಲ್ಲಿ ತಿಂಗಳಿಗೆ ಕಿಲೋಗಟ್ಟಲೆ ಮೈ ಬರುವುದಿಲ್ಲ. ಇರುವ ತೂಕವನ್ನೇ ಹಿಡಿದಿಡಲು ಕಲಿಯುತ್ತೀರಿ. ನಾಲ್ಕು ಜನ ಹಿಡಿದಾಗಲೂ ಕೈ ಚಾಚಿ ನಡುಗೆರೆ ಮುಟ್ಟುವ ರೈಡರ್‌ಗೆ ಬೇಕಾದದ್ದು ಅದೇ.

ಅಂಗೈಯಲ್ಲಿ ಮೊದಲು ಬೊಬ್ಬೆ ಬರುತ್ತದೆ, ಆಮೇಲೆ ಜಡ್ಡುಗಟ್ಟುತ್ತದೆ. ಜಡ್ಡು ದಪ್ಪವಾದರೆ ಸ್ನಾನದ ನಂತರ ಕಾಲು ಉಜ್ಜುವ ಕಲ್ಲಿನಿಂದ ಉಜ್ಜಿ ಸಮ ಮಾಡಿ. ಇಲ್ಲವಾದರೆ ಒಂದು ದಿನ ಬಾರ್ ಮೇಲೆಯೇ ಕಿತ್ತು ಬರುತ್ತದೆ. ನೋವಿನ ವಿಚಾರಕ್ಕೆ ಬಂದರೆ, ಸ್ನಾಯು ಎರಡು ದಿನ ನೋಯುವುದು ಸರಿ. ಕೀಲಿನಲ್ಲಿ, ಬೆಳಿಗ್ಗೆ ಏಳುವಾಗಲೂ ಇರುವ ನೋವು ಸರಿಯಲ್ಲ. ಒಂದು ಹಂತ ಕೆಳಗಿಳಿಯಿರಿ. ಎರಡು ವಾರದಲ್ಲಿ ಹೋಗದಿದ್ದರೆ ತೋರಿಸಿಕೊಳ್ಳಿ.

ಆರು ವಾರಕ್ಕೊಮ್ಮೆ ಆ ಭಾನುವಾರದ ಪರೀಕ್ಷೆಯನ್ನೇ ಮತ್ತೆ ಮಾಡಿ, ಅದೇ ನೋಟ್‌ಬುಕ್ಕಲ್ಲಿ ಪಕ್ಕಕ್ಕೆ ಬರೆಯಿರಿ. 80 ಕಿಲೋ ಎತ್ತುವ ನಮ್ಮ ಹುಡುಗ ಈಗ 52 ಸೆಕೆಂಡ್ ನೇತಾಡುತ್ತಾನೆ. ಪುಲ್ ಅಪ್ ಆರು. ರಿಂಗ್ಸ್ ಮೇಲೆ 11 ಸೆಕೆಂಡ್, ಇನ್ನೂ ನಡುಗುತ್ತಾನೆ. ‘ಅಣ್ಣ, ಮಸಲ್ ಅಪ್ ಯಾವಾಗ?’ ಅಂತ ಮೊನ್ನೆ ಕೇಳಿದ. ನನ್ನ ಮೊಣಕೈ ತೋರಿಸಿ, ಹಾಲೋ ಮಾಡಲು ಮಲಗಿಸಿದೆ.